ಲಿಫ್ಟ್ ಕೂಡ ಚೆನ್ನಾಗಿದೆ

ಫೆಬ್ರವರಿ ೩

ನನ್ನ ಬಂಗಾರ,

ಇಲ್ಲಿ ಫೋನ್ ಕೊಡುವುದಿಲ್ಲ, ಕಾಗದ ಎಷ್ಟು ಬೇಕಾದರೂ ಬರೆಯಬಹುದು ಎಂದರು. ಹಾಗಾಗಿ ಮೊದಲ ಕಾಗದ ನನ್ನ ಮಗಳಿಗೇ. ನೀನು ಗೇಟಿನ ತನಕ ಬಂದು ಬಿಟ್ಟು ಹೋದೆಯಲ್ಲ, ಅವತ್ತಿನಿಂದ ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ಊಟ ಬಹಳ ರುಚಿ. ಹಾಸಿಗೆ ಮೆತ್ತಗಿದೆ. ಕೌನ್ಸೆಲರ್ ಮೇಡಂ ದೇವರಂಥವರು. ಪಕ್ಕದ ಮಂಚದಲ್ಲಿ ಒಬ್ಬ ಈಜು ಮಾಸ್ತರು ಇದ್ದಾರೆ. ಅವರಂಥ ಸಜ್ಜನರನ್ನು ನಾನು ಕಂಡಿಲ್ಲ.

ಇಲ್ಲಿ ಬರೀ ಕುಡಿತ ಬಿಡಿಸಿ ಕಳಿಸುವುದಲ್ಲವಂತೆ. "ನಾವು ಬಾಟ್ಲಿ ನೋಡಲ್ಲ, ಇಡೀ ಮನುಷ್ಯನ್ನ ನೋಡ್ತೀವಿ" ಎಂದು ಮೇಡಂ ಮೊದಲ ದಿನವೇ ಹೇಳಿದರು. ನೋಡುತ್ತಲೂ ಇದ್ದಾರೆ. ಒಬ್ಬರು ಲಿವರ್ ನೋಡಿದರು, ಒಬ್ಬರು ನಿದ್ದೆಯ ಬಗ್ಗೆ ಕೇಳಿದರು. ಬೆಳಿಗ್ಗೆ ಅಂಗಳದಲ್ಲಿ ನಡೆಸುತ್ತಾರೆ, ಮಧ್ಯಾಹ್ನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂರಿಸುತ್ತಾರೆ, ಸಂಜೆ ಎಲ್ಲರೂ ಸುತ್ತ ಕೂತು ಮಾತಾಡಬೇಕು. ನಾವು ಹಳೇ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿಗೆ ಹೋದರೆ ತಳದ ಪಿಟ್ಟಿನಿಂದ ಹಿಡಿದು ಮೇಲಿನ ಮೋಟಾರಿನವರೆಗೆ ಎಲ್ಲ ಬಿಚ್ಚಿ ನೋಡುತ್ತಿದ್ದೆವಲ್ಲ, ಹಾಗೆ ನನ್ನದೂ ಪೂರ್ತಿ ಸರ್ವೀಸು. ಹಲ್ಲಿನ ಡಾಕ್ಟರೂ ಬರುತ್ತಾರೆ. ನನ್ನ ಬಾಯಿಗೆ ಟಾರ್ಚ್ ಬಿಟ್ಟು, "ಯಜಮಾನ್ರೇ, ಇದೇನು ಪಾಳು ಬಿದ್ದ ಮನೆ ಥರ ಇದೆ" ಎಂದು ನಕ್ಕರು. ಹೊಸ ಹಲ್ಲು ಕಟ್ಟಿಸುತ್ತಾರಂತೆ.

ಇಲ್ಲಿನ ಲಿಫ್ಟ್ ಕೂಡ ಚೆನ್ನಾಗಿದೆ.

ಇಲ್ಲಿಂದ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಮೇಡಂ ಕೇಳಿದರು. ಮಗಳ ಮನೆಗೆ ಎಂದೆ. ನಿನ್ನನ್ನೂ ಕೇಳುತ್ತಾರಂತೆ. ನೀನು ಹೌದು ಅಂದರೆ ಸಾಕು. ಅವಸರವೇನಿಲ್ಲ ಬಂಗಾರ.

ನಿನ್ನ ಪ್ರೀತಿಯ
ಅಪ್ಪ


ಫೆಬ್ರವರಿ ೧೧

ಅಪ್ಪಾ,

ಕಾಗದ ಬಂತು. ಎಲ್ಲವೂ ಚೆನ್ನಾಗಿದೆ ಎಂದು ಓದಿದೆ.

ನನ್ನ ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಹಲ್ಲಿನ ಡಾಕ್ಟರುಗಳೆಲ್ಲ ಮಾತಾಡಿಕೊಂಡವರ ಹಾಗೆ ಒಂದೇ ವಾರದಲ್ಲಿ ಅಚ್ಚು ಕಳಿಸಿದ್ದಾರೆ. ಮೇಜಿನ ತುಂಬ ಸಾಲಾಗಿ ಪ್ಲಾಸ್ಟರಿನ ಬಾಯಿಗಳು, ಒಂದೂ ಬಾಯಿಬಿಟ್ಟು ಮಾತಾಡುವುದಿಲ್ಲ. ನಿಮ್ಮ ಡಾಕ್ಟರಿಗೆ ನಮ್ಮ ಲ್ಯಾಬಿನ ವಿಳಾಸ ಕೊಡು. ನಿನ್ನ ಹಲ್ಲು ನಾನೇ ಮಾಡುತ್ತೇನೆ.

ಕೆಲವು ವಿಷಯ ಕೇಳುತ್ತೇನೆ, ನೇರವಾಗಿ ಬರೆ. ನಿದ್ದೆ ಬರುತ್ತದೆಯೇ? ಕೈ ನಡುಗುವುದು ಕಡಿಮೆಯಾಯಿತೇ? ಆ ಈಜು ಮಾಸ್ತರನ್ನು ನೋಡಲು ಹೊರಗಿನಿಂದ ಯಾರಾದರೂ ಬರುತ್ತಾರೆಯೇ? ಬರುವಾಗ ಏನಾದರೂ ತರುತ್ತಾರೆಯೇ? ಲಿಫ್ಟ್ ಯಾವ ಕಾಲದ್ದು? ಸದ್ದು ಬರುತ್ತದೆಯೇ? ಮಹಡಿಗೆ ಸಮನಾಗಿ ನಿಲ್ಲುತ್ತದೆಯೇ?

ಮನೆಯ ವಿಷಯ ಆಮೇಲೆ ಬರೆಯುತ್ತೇನೆ.

ಮಗಳು


ಫೆಬ್ರವರಿ ೧೯

ನನ್ನ ಬಂಗಾರ, ನನ್ನ ಪುಟ್ಟ ಚಿನ್ನ,

ನಿನ್ನ ಪ್ರಶ್ನೆಗಳನ್ನು ಓದಿ ಕಣ್ಣು ತುಂಬಿ ಬಂತು. ಅಪ್ಪನ ಮೇಲೆ ಎಷ್ಟು ಕಾಳಜಿ! ಅಪ್ಪನಿಗೆ ಲಿಫ್ಟ್ ಅಂದರೆ ಪ್ರಾಣ ಎಂದು ನೆನಪಿಟ್ಟುಕೊಂಡು ಅದನ್ನೂ ಕೇಳಿದ್ದೀಯ. ಈಜು ಮಾಸ್ತರಿಗೆ ಓದಿ ಹೇಳಿದೆ. "ಪುಣ್ಯ ಮಾಡಿದ್ರಿ ಬಿಡಿ, ನನ್ ಮಗ ಬದುಕಿದೀಯಾ ಅಂತಾನೂ ಕೇಳಲ್ಲ" ಎಂದರು.

ನಿದ್ದೆ ಸೊಗಸಾಗಿ ಬರುತ್ತದೆ. ಕೈ ಏನೂ ಇಲ್ಲ. ಅಕ್ಷರ ಸ್ವಲ್ಪ ಅಡ್ಡಾದಿಡ್ಡಿ ಕಂಡರೆ ಅದು ಪೆನ್ನಿನ ದೋಷ. ಲಿಫ್ಟ್ ತೇಲಿಕೊಂಡು ಹೋಗುತ್ತದೆ, ಅದರ ಚಿಂತೆ ನಿನಗೆ ಬೇಡ. ಇಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲವೂ ಒಳ್ಳೆಯದು. ಹಲ್ಲಿನ ಡಾಕ್ಟರು ಮೇಣ ಕಚ್ಚಿಸಿ ಅಳತೆ ತೆಗೆದುಕೊಂಡು ಹೋದರು. ನಿನ್ನ ವಿಳಾಸ ಕೊಟ್ಟಿದ್ದೇನೆ.

ನಾನು ಅಲ್ಲಿಗೆ ಬಂದ ಮೇಲೆ ನಿನ್ನನ್ನು ಕಡಲು ನೋಡಲು ಕರೆದುಕೊಂಡು ಹೋಗುತ್ತೇನೆ. ಹಿಂದೆ ತಪ್ಪಿಹೋಗಿದ್ದು, ಈ ಸಲ ಖಂಡಿತ. ಬೆಳಿಗ್ಗೆ ಹೊರಟು ಇಡೀ ದಿನ ಅಲ್ಲೇ ಇರೋಣ.

ಕೋಣೆಯ ವಿಷಯ ನೀನು ಬರೆಯಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ನಿನ್ನ ಸಾಮಾನು ತುಂಬುವ ಆ ಸಣ್ಣ ಕೋಣೆ ಇದೆಯಲ್ಲ, ಅಷ್ಟು ಸಾಕು ನನಗೆ.

ನಿನ್ನ ಪ್ರೀತಿಯ, ಪ್ರೀತಿಯ
ಅಪ್ಪ


ಫೆಬ್ರವರಿ ೨೭

ಅಪ್ಪಾ,

ಕಡಲಿನ ವಿಷಯ ಓದಿದೆ.

ನಿನ್ನ ಅಚ್ಚು ಬಂದಿದೆ, ಕೆಲಸ ಶುರು ಮಾಡಿದ್ದೇನೆ. ಮೇಡಂ ಫೋನ್ ಮಾಡಿದ್ದರು. ಮನೆಯ ಬಗ್ಗೆ ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ಆರೋಗ್ಯ ನೋಡಿಕೋ.

ಮಗಳು


ಮಾರ್ಚ್ ೬

ಬುಧವಾರ ನಾವಿನ್ನೂ ತಿಂಡಿ ತಿನ್ನುತ್ತಿದ್ದೆವು. ಇಲ್ಲಿನ ಇಬ್ಬರು ಕೆಲಸದವರು ಬಂದು ನನ್ನನ್ನು ಕೋಣೆಗೆ ಕರೆದುಕೊಂಡು ಹೋದರು. ಹಾಸಿಗೆ ಮಗುಚಿದರು. ಟ್ರಂಕಿನಲ್ಲಿದ್ದ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು. ಶೂ ಒಳಗೆ ಕೈ ಹಾಕಿದರು. ಈಜು ಮಾಸ್ತರ ಶಾಂಪೂ ಬಾಟಲಿಯನ್ನೂ ಮೂಸಿ ನೋಡಿದರು. ಬಾಗಿಲಲ್ಲಿ ಎಲ್ಲರೂ ನಿಂತು ನೋಡುತ್ತಿದ್ದರು. ಅವರೆದುರೇ ನನ್ನ ಬಾಯಿಗೆ ಮಿಷನ್ನಿನ ನಳಿಕೆ ಇಟ್ಟು "ಊದಿ" ಎಂದರು. ಊದಿದೆ. ಸೊನ್ನೆ ಬಂತು. "ಇನ್ನೊಂದ್ಸಲ" ಎಂದರು. ಆಗಲೂ ಸೊನ್ನೆ.

ಆಮೇಲೆ ಮೇಡಂ ಕರೆದು ಬೇಜಾರು ಮಾಡಿಕೊಳ್ಳಬೇಡಿ ಎಂದರು. "ಮನೆ ಕಡೆಯಿಂದ ಅನುಮಾನ ಬಂದ್ರೆ ನಾವು ನೋಡ್ಲೇಬೇಕಾಗುತ್ತೆ" ಎಂದರು. ಯಾರು ಎಂದು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ನಿನ್ನ ಅಮ್ಮ ಹೋದ ಮೇಲೆ ನನ್ನ ಮನೆ ಕಡೆ ಎಂದರೆ ಒಬ್ಬಳೇ.

ಕುಡಿಯುತ್ತಿದ್ದಾಗ ಯಾರೂ ನನ್ನ ಟ್ರಂಕು ಬಿಚ್ಚಿರಲಿಲ್ಲ. ಬಿಟ್ಟ ಮೇಲೆ ಮಗಳು ಬಿಚ್ಚಿಸಿದಳು. ಒಳ್ಳೆಯದಾಯಿತು.

ಇನ್ನು ಬರೆಯಬೇಡ. ಹಲ್ಲೂ ಬೇಡ.


ಮಾರ್ಚ್ ೧೩

ಅಪ್ಪಾ,

ಬರೆಯಬೇಡ ಎಂದಿದ್ದೀಯ. ಆದರೂ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಫೋನ್ ಮಾಡಿದ್ದು ನಾನೇ. ನಿನ್ನ ಎರಡನೇ ಕಾಗದ ಓದಿ ಎದ್ದು ಹೊರಗೆ ಹೋದೆ. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಮೇಡಂಗೆ ಫೋನ್ ಮಾಡಿ, "ನಮ್ಮಪ್ಪ ಅಲ್ಲಿ ಕುಡೀತಿದಾರೆ, ದಯವಿಟ್ಟು ನೋಡಿ" ಎಂದೆ. "ಹೇಗೆ ಹೇಳ್ತೀರಿ?" ಎಂದರು. "ತುಂಬಾ ಪ್ರೀತಿಯಿಂದ ಬರೆದಿದಾರೆ" ಎಂದೆ. ಅವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಾನು ಚಿಕ್ಕವಳಿದ್ದಾಗ, ನೀನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಬಾಗಿಲು ತೆಗೆಯಲು ಅಮ್ಮ ನನ್ನನ್ನು ಕಳಿಸುತ್ತಿದ್ದಳು. ನಾನು ವಾಪಸು ಓಡಿಬಂದ ಕೂಡಲೇ ಅವಳು ಕೇಳುತ್ತಿದ್ದುದು ಒಂದೇ: "ಏನಂತ ಕರೆದ?" ಗುಂಡಿ ಎಂದು ಕರೆದಿದ್ದರೆ ತಟ್ಟೆ ಇಡುತ್ತಿದ್ದಳು. ಬಂಗಾರ ಎಂದು ಕರೆದಿದ್ದರೆ ನನ್ನನ್ನು ಒಳಗೆ ಕಳಿಸಿ ಬಾಗಿಲು ಹಾಕುತ್ತಿದ್ದಳು. ವಾಸನೆ ನೋಡುವ ಅಗತ್ಯ ನಮಗೆ ಬರಲೇ ಇಲ್ಲ.

ಕುಡಿಯದಿದ್ದಾಗ ನೀನು ಸಿಡುಕ. ನಾನು ಲಿಫ್ಟ್ ಹತ್ತಿದರೆ ಎಲ್ಲಾ ಗುಂಡಿ ಒತ್ತುತ್ತಿದ್ದೆ ಅಂತ ನನಗೆ ಆ ಹೆಸರಿಟ್ಟವನೂ ನೀನೇ. ನನ್ನ ಚಪ್ಪಲಿ ಸರಿಯಿಲ್ಲ, ಬ್ಯಾಗಿನ ಪಟ್ಟಿ ಸರಿಯಿಲ್ಲ, ಬಾಗಿಲ ಚಿಲಕ ಸರಿಯಿಲ್ಲ ಎಂದು ಗೊಣಗುತ್ತಿದ್ದೆ. ಯಾರ ಮನೆಗೆ ಹೋದರೂ ಅವರ ಕಟ್ಟಡದ ಲಿಫ್ಟಿಗೆ ಬೈದೇ ಒಳಗೆ ಕಾಲಿಡುತ್ತಿದ್ದೆ. ಕುಡಿದಾಗ ಲೋಕವೇ ಚೆನ್ನ, ಎಲ್ಲರೂ ದೇವರು. ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಆ ಅಪ್ಪನೇ ಇಷ್ಟವಾಗಿದ್ದ. ಅವನು ಒಂದು ಸಂಜೆ ನಾಳೆ ಕಡಲು ನೋಡಲು ಹೋಗೋಣ ಎಂದ. ನಾನು ಬೆಳಿಗ್ಗೆ ಎದ್ದು, ಅಂಗಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ನೀನು ಎದ್ದು ಬಂದು, "ಏನೇ ಗುಂಡಿ ಇದು ವೇಷ?" ಎಂದು ಕೇಳಿದೆ. ನಿನಗೆ ನೆನಪೇ ಇರಲಿಲ್ಲ.

ಈಗ ನೀನೇ ಹೇಳು. ಬಂಗಾರ, ಚಿನ್ನ, ಎಲ್ಲರೂ ಒಳ್ಳೆಯವರು, ಮೇಲೆ ಕಡಲು. ಅದೂ ಸಾಲದು ಎಂದು ಲಿಫ್ಟ್ ಚೆನ್ನಾಗಿದೆಯಂತೆ! ನಿನ್ನ ಬಾಯಲ್ಲಿ ಯಾವ ಲಿಫ್ಟೂ ಚೆನ್ನಾಗಿರುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನಾನು ಏನು ತಿಳಿದುಕೊಳ್ಳಬೇಕಿತ್ತು?

ಸೊನ್ನೆ ಬಂತು ಎಂದು ಮೇಡಂ ಹೇಳಿದಾಗ ಕುಣಿಯಬೇಕಿತ್ತು. ಅದರ ಬದಲು ಫೋನ್ ಇಟ್ಟು ಮತ್ತೆ ಅದೇ ಮೆಟ್ಟಿಲ ಮೇಲೆ ಕೂತೆ. ನಿನ್ನನ್ನು ಹತ್ತು ಜನರ ಮುಂದೆ ಊದಿಸಿದೆ. ತಪ್ಪು ನನ್ನದು. ಅದಕ್ಕೆ ಸಮಜಾಯಿಷಿ ಕೊಡುವುದಿಲ್ಲ.

ಕೋಣೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಿನ್ನ ಮೊದಲ ಕಾಗದಕ್ಕೆ ಮುಂಚೆ ಆ ಕೋಣೆಯ ಸಾಮಾನೆಲ್ಲ ತೆಗೆದು ಹೊರಗಿಟ್ಟಿದ್ದೆ. ಕಾಗದ ಬಂದ ಮೇಲೆ ಅರ್ಧ ವಾಪಸು ತುಂಬಿದೆ. ಕಡಲಿನ ಕಾಗದ ಬಂದ ದಿನ ಪೂರ್ತಿ ತುಂಬಿ ಬಾಗಿಲು ಹಾಕಿದೆ. ಈಗ ಅದರ ಮುಂದೆ ಓಡಾಡುವಾಗ ತಲೆ ತಗ್ಗಿಸಿಕೊಂಡು ಹೋಗುತ್ತೇನೆ.

ಒಂದು ಕಾಗದ ಹಾಕು ಅಪ್ಪ. ಬೈದು ಬರೆದರೂ ಸರಿ.

ಮಗಳು


ಮಾರ್ಚ್ ೨೫

ಅಪ್ಪಾ,

ಉತ್ತರ ಇಲ್ಲ. ಅಂಚೆಯವರು ಲ್ಯಾಬಿನ ಮುಂದೆ ಸೈಕಲ್ ನಿಲ್ಲಿಸಿದಾಗೆಲ್ಲ ಎದ್ದು ನಿಲ್ಲುತ್ತೇನೆ. "ಇವತ್ತೂ ನಿಮ್ದಿಲ್ಲಮ್ಮ" ಎನ್ನುವುದು ಅವರಿಗೂ ಬೇಜಾರಾಗಿ, ಈಗ ದೂರದಿಂದಲೇ ತಲೆ ಆಡಿಸಿ ಹೋಗುತ್ತಾರೆ.

ತಡೆಯಲಾರದೆ ಮೇಡಂಗೆ ಫೋನ್ ಮಾಡಿದೆ. ನೀನು ಒಂದು ಮಧ್ಯಾಹ್ನ ಕಾಗದ ಹಾಕಿ ಬರುತ್ತೇನೆ ಎಂದು ಹೇಳಿ ಹೊರಗೆ ಹೋದೆಯಂತೆ. ಕತ್ತಲಾಗುವ ಮೊದಲು ವಾಪಸು ಬಂದೆಯಂತೆ. ನನಗೆ ಮಾತ್ರ ಕಾಗದ ಬಂದಿಲ್ಲ. "ಏನಾಯ್ತು ಮೇಡಂ?" ಎಂದೆ. "ಅದನ್ನ ಅವ್ರೇ ಹೇಳ್ಬೇಕು. ನಾನು ಹೇಳಿದ್ರೆ ಅವ್ರ ಮಾತು ನಾನು ಕಿತ್ಕೊಂಡ ಹಾಗಾಗುತ್ತೆ" ಎಂದರು. ಫೋನ್ ಇಟ್ಟ ಮೇಲೆ ಮೇಜಿಗೆ ಬಂದು ಕೂತೆ, ಕೆಲಸ ಸಾಗಲಿಲ್ಲ. ನೀನು ಬೇಡ ಎಂದರೂ ನಿನ್ನ ಹಲ್ಲು ಮುಗಿಸಿದ್ದೇನೆ. ಸಾಮಾನ್ಯವಾಗಿ ಅಚ್ಚು ನೋಡಿ ಯಾರ ಬಾಯಿ ಎಂದು ನನಗೆ ಗೊತ್ತಾಗುವುದಿಲ್ಲ. ನಿನ್ನದು ಡಬ್ಬಿ ತೆರೆದ ಕೂಡಲೇ ಗೊತ್ತಾಯಿತು. ಉಳಿದಿರುವ ಮುಂದಿನ ಹಲ್ಲಿನಲ್ಲಿ ಆ ಕಚ್ಚು ಇದೆಯಲ್ಲ, ವೈರಿನ ಸಿಪ್ಪೆಯನ್ನು ಹಲ್ಲಿನಲ್ಲಿ ಸುಲಿದು ಸುಲಿದು ಆದದ್ದು. ಅದರ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಇಲ್ಲಿ ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದರು, ಅಷ್ಟು ಪುಣ್ಯ.

ಡಾಕ್ಟರ ಕೈಗೆ ಕಳಿಸುತ್ತಿದ್ದೇನೆ. ಹಾಕಿಕೋ. ನನ್ನ ಮೇಲಿನ ಸಿಟ್ಟನ್ನು ಹಲ್ಲಿನ ಮೇಲೆ ತೀರಿಸಿಕೊಳ್ಳಬೇಡ.

ನನಗೆ ಭಯವಾಗುತ್ತಿದೆ ಅಪ್ಪ.

ಮಗಳು


ಏಪ್ರಿಲ್ ೪

ಗುಂಡಿ,

ಮೇಲಿನ ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತದೆ. ಒಸಡು ಕೆಂಪಾಗಿದೆ. ಬ್ರೆಡ್ಡಿನ ಅಂಚು ಕಚ್ಚಿದರೆ ಜೀವ ಬಾಯಿಗೆ ಬರುತ್ತದೆ. ಇಷ್ಟು ವರ್ಷದಿಂದ ಹಲ್ಲು ಮಾಡುತ್ತೀಯ, ಅಪ್ಪನ ಬಾಯಿಗೇ ಎಡವಟ್ಟು ಮಾಡಬೇಕಿತ್ತೇ? ಡಾಕ್ಟರು ನೋಡಿ, "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಜಾರಿಕೊಂಡರು. ಅಡ್ಜಸ್ಟ್ ಮಾಡಬೇಕಾದ್ದು ಸೆಟ್ಟನ್ನೋ ನನ್ನನ್ನೋ?

ಊಟದಲ್ಲಿ ಉಪ್ಪಿಲ್ಲ. ಹಾಸಿಗೆಯಲ್ಲಿ ಬೆನ್ನಿಗೆ ಗಂಟು ಚುಚ್ಚುತ್ತದೆ. ಈಜು ಮಾಸ್ತರ ಗೊರಕೆಗೆ ಕಿಟಕಿ ಗಾಜು ಅದುರುತ್ತದೆ. ನಿದ್ದೆ ಬರುತ್ತಿರಲಿಲ್ಲ, ಈಗ ಬೆಳಗಿನ ಜಾವ ಸ್ವಲ್ಪ ಬರುತ್ತದೆ. ಕೈ ನಡುಗುತ್ತಿತ್ತು, ಪೆನ್ನಿನದೇನೂ ದೋಷವಿರಲಿಲ್ಲ. ಇನ್ನು ಲಿಫ್ಟು. ಮೂರನೇ ಮಹಡಿಯಲ್ಲಿ ಹೊಸ್ತಿಲಿಗಿಂತ ಕೆಳಗೆ ನಿಲ್ಲುತ್ತದೆ, ವಯಸ್ಸಾದವರು ಎಡವಿ ಬೀಳುವುದೊಂದು ಬಾಕಿ. ಬ್ರೇಕ್ ಹಿಡಿಯುವಾಗ ಬೆಕ್ಕಿನ ಬಾಲ ತುಳಿದ ಹಾಗೆ ಕೂಗುತ್ತದೆ. ಬಂದ ದಿನವೇ ಕಿವಿಗೆ ಬಿದ್ದಿತ್ತು. ಆಮೇಲೂ ನಿನಗೆ ಚೆನ್ನಾಗಿದೆ ಎಂದು ಬರೆದೆ.

ಯಾಕೆ ಬರೆದೆ ಎಂದು ಹೇಳುತ್ತೇನೆ. ನಿನಗೆ ಆ ಅಪ್ಪನೇ ಇಷ್ಟ ಎಂದು ನನಗೆ ಗೊತ್ತಿತ್ತು. ಅವನು ಬಂದರೆ ನೀನು ಓಡಿಬಂದು ಕಾಲು ತಬ್ಬುತ್ತಿದ್ದೆ. ಕುಡಿಯದ ನಾನು ಬಂದರೆ ನಿನ್ನ ಚಪ್ಪಲಿ ಬಚ್ಚಿಡುತ್ತಿದ್ದೆ. ಮನೆಗೆ ಸೇರಿಸು ಎಂದು ಕೇಳಬೇಕಾಗಿತ್ತಲ್ಲ, ಅದಕ್ಕೆ ಅವನನ್ನು ಕರೆದು ಬರೆಸಿದೆ. ಒಂದು ಹನಿ ಮುಟ್ಟದೆ ಕುಡುಕನ ಹಾಗೆ ಬರೆದೆ. ನಿನ್ನ ಅಮ್ಮ ಬಾಗಿಲಲ್ಲಿ ಅಂಥ ಕಾವಲು ಇಟ್ಟಿದ್ದಳು ಎಂದು ನನಗೇನು ಗೊತ್ತು?

ಈಗ ಆ ಮಧ್ಯಾಹ್ನದ ವಿಷಯ. ಸುತ್ತಿ ಬಳಸಿ ಹೇಳುವುದಿಲ್ಲ. ಕುಡಿದೆ.

ನಿನ್ನ ಉದ್ದದ ಕಾಗದ ಜೇಬಿನಲ್ಲಿತ್ತು. ಉತ್ತರ ಬರೆದು ಹಾಕಿ ಬರುತ್ತೇನೆ ಎಂದು ಖಾಲಿ ಹಾಳೆ, ಪೆನ್ನು ತೆಗೆದುಕೊಂಡು ಹೊರಟೆ. ಸೊನ್ನೆ ತೋರಿಸಿದರೂ ಯಾರೂ ನಂಬುವುದಿಲ್ಲ ಎಂದ ಮೇಲೆ ಸೊನ್ನೆ ಯಾಕೆ ಕಾಯಬೇಕು ಅನ್ನಿಸಿತು. ಬಸ್ ನಿಲ್ದಾಣದ ಎದುರು ಒಂದು ಬಾರಿತ್ತು. ಮೂಲೆಯ ಮೇಜು ಹಿಡಿದೆ. ಮೊದಲನೆಯದು ಒಳಗೆ ಹೋಗಿ ಎದೆ ಬೆಚ್ಚಗಾದ ಮೇಲೆ ನಿನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಹಾಳೆ ಬಿಡಿಸಿ ಬರೆಯತೊಡಗಿದೆ. ನನ್ನ ಬಂಗಾರ, ಅಪ್ಪನಿಗೆ ನಿನ್ನ ಮೇಲೆ ಏನೂ ಸಿಟ್ಟಿಲ್ಲ, ಇಲ್ಲಿ ಎಲ್ಲವೂ ಚೆನ್ನಾಗಿದೆ.

ಅಷ್ಟು ಬರೆದು ಓದಿಕೊಂಡೆ. ಮೊದಲಿನ ಎರಡು ಕಾಗದಗಳಲ್ಲಿದ್ದ ಮಾತೇ ಇಲ್ಲೂ ಇತ್ತು, ಒಂದಕ್ಷರ ಆಚೀಚೆ ಇಲ್ಲ. ನೀನು ಏನು ಓದಿ ಹೆದರಿದೆ ಎಂದು ಆಗ ಗೊತ್ತಾಯಿತು ನೋಡು. ಗ್ಲಾಸಿನಲ್ಲಿ ಇನ್ನೂ ಇತ್ತು. ಬಿಟ್ಟು ಎದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನೂ ಕುಡಿದೇ ಎದ್ದೆ. ಆದರೆ ಮತ್ತೊಂದು ತರಲು ಹೇಳಲಿಲ್ಲ. ಹಾಳೆ ಹರಿದು ನಡೆದುಕೊಂಡೇ ವಾಪಸು ಬಂದು ಗೇಟಿನವನಿಗೆ, "ಊದಿಸಪ್ಪ" ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಮಿಷನ್ ತಗೊಂಡ್ ಬಾ, ಇವತ್ತು ಸೊನ್ನೆ ಬರಲ್ಲ" ಎಂದೆ. ಬರಲೂ ಇಲ್ಲ.

ಓಡಿಸುತ್ತಾರೆ ಎಂದುಕೊಂಡಿದ್ದೆ. ಮೇಡಂ ಓಡಿಸಲಿಲ್ಲ, ದೇವರಂಥವರೂ ಅಲ್ಲ. ಬಹಳ ಗಟ್ಟಿ ಹೆಂಗಸು. ಮಗಳು ಫೋನ್ ಮಾಡಿದ್ದಕ್ಕೇ ಹೀಗಾಯಿತು ಎಂದೆ. "ಫೋನು ಅವ್ರದ್ದು ಸರಿ. ಕಾಲು ಯಾರದ್ದು?" ಎಂದರು. ಆಮೇಲೆ ಕುಡಿತ ಯಾಕೆ ಬಿಡಬೇಕು ಎಂದಿದ್ದೀರಿ ಎಂದು ಕೇಳಿದರು. ಮಗಳಿಗೋಸ್ಕರ ಎಂದೆ, ಇಲ್ಲಿ ಎಲ್ಲರೂ ಹೇಳುವುದು ಅದನ್ನೇ. "ಮಗಳು ಸಿಟ್ಟು ಮಾಡ್ಕೊಂಡ ದಿನ?" ಎಂದರು. ಉತ್ತರ ಹುಡುಕಿಕೊಂಡು ಬನ್ನಿ ಎಂದು ತರಕಾರಿ ಹೆಚ್ಚಲು ಕಳಿಸಿದರು.

ಮೊನ್ನೆ ಹೊರಗಿನಿಂದ ಲಿಫ್ಟಿನವನು ಬಂದಿದ್ದ. ನನ್ನ ಗೊಣಗಾಟ ತಾಳಲಾರದೆ ಇವರೇ ಕರೆಸಿದ್ದು. ನನಗೆ ಉಪಕರಣ ಮುಟ್ಟಲು ಬಿಡಲಿಲ್ಲ. ಟಾರ್ಚ್ ಹಿಡಿಯಿರಿ, ಅಷ್ಟೇ ಎಂದರು. ಹಿಡಿದೆ. ಅವನು ಬ್ರೇಕ್ ಬಿಚ್ಚಿ, ಸವೆದ ಪಟ್ಟಿ ಬದಲಿಸಿ, ಮತ್ತೆ ಕೂರಿಸುವ ತನಕ ಹಿಡಿದುಕೊಂಡೇ ಇದ್ದೆ. ಬೆಳಕು ಅಲ್ಲಾಡಲಿಲ್ಲ ಗುಂಡಿ. ಅದನ್ನೇ ನೋಡುತ್ತಿದ್ದೆ. ಆ ಕೈ ನನಗೆ ಬೇಕು. ನೀನು ಮನೆಗೆ ಸೇರಿಸಿದರೂ ಬೇಕು, ಸೇರಿಸದಿದ್ದರೂ ಬೇಕು. ಮೇಡಂಗೆ ಹೋಗಿ ಹೇಳಿದೆ. "ಹ್ಞೂಂ" ಎಂದರು, ಅವರ ಬಾಯಲ್ಲಿ ಅದೇ ದೊಡ್ಡ ಮಾತು.

ಕೈ ನಾಳೆಯೂ ಹಾಗೇ ಇರುತ್ತದೆ ಎಂದು ನಾನು ಬರೆದುಕೊಡಲಾರೆ. ಆ ಬಾರಿನ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಿಂಗಳ ಕೊನೆಗೆ ಇಲ್ಲಿಂದ ಬಿಡುತ್ತಾರೆ. ನೀನು ಬೇಡ ಎಂದರೆ ನನ್ನಂಥವರೇ ನಾಲ್ಕು ಜನ ಸೇರಿ ಇರುವ ಮನೆಯೊಂದಿದೆಯಂತೆ, ಅಲ್ಲಿಗೆ ಹೋಗುತ್ತೇನೆ. ಕೋಣೆಯ ವಿಷಯ ನಾನು ಕೇಳುವುದಿಲ್ಲ. ಕಡಲಿನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ಎಡಗಡೆ, ಹಿಂದಿನಿಂದ ಎರಡನೇ ಹಲ್ಲಿನ ಹತ್ತಿರ ಒತ್ತುತ್ತದೆ. ಬರೆದುಕೊಂಡಿರು.

ಅಪ್ಪ


ಏಪ್ರಿಲ್ ೧೧

ಅಪ್ಪಾ,

ಅಂಚೆಯವರು ಈ ಸಲ ತಲೆ ಆಡಿಸಲಿಲ್ಲ, ಸೈಕಲ್ಲಿನಿಂದ ಇಳಿದು ಒಳಗೇ ಬಂದರು. ಮೇಲಿನ ಒಂದು ಪದ ಓದಿದೆ, ಗುಂಡಿ. ಅಲ್ಲೇ ಗೋಡೆಗೆ ಒರಗಿದೆ. "ಏನಮ್ಮ, ಕೆಟ್ಟ ಸುದ್ದಿನಾ?" ಎಂದು ಅವರು ಗಾಬರಿಯಾದರು. "ಇಲ್ಲ ಸರ್, ನಮ್ಮಪ್ಪ ಬೈದಿದಾರೆ" ಎಂದೆ. ಅವರು ಒಂದು ಲೋಟ ನೀರು ಕುಡಿದು ಹೋದರು.

ಕುಡಿದೆ ಎಂದು ಬರೆದ ಜಾಗದಲ್ಲಿ ಕಾಗದ ಮಡಚಿಟ್ಟೆ. ಆ ದಿನ ಮುಂದೆ ಓದಲಾಗಲಿಲ್ಲ. ಮರುದಿನ ಓದಿದೆ. ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಅಳುವೂ ಬಂತು. ನೀನು ಕುಡಿದಿದ್ದನ್ನು ನಾನಾಗಿ ಕಂಡುಹಿಡಿಯದೆ ನಿನ್ನ ಬಾಯಿಂದಲೇ ಕೇಳಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಅದನ್ನು ಎಲ್ಲಿಡಬೇಕು ಎಂದು ನನಗೆ ಇನ್ನೂ ಗೊತ್ತಾಗುತ್ತಿಲ್ಲ.

ಬಾಯಿ ನೋಡದೆ ಸೆಟ್ಟು ಉಜ್ಜಿ ಸರಿಮಾಡಲು ಬರುವುದಿಲ್ಲ. ಎಲ್ಲಿ ಒತ್ತುತ್ತದೆ ಎಂದು ನೀನು ಎಷ್ಟು ಬರೆದರೂ ನನಗೆ ಕಾಣುವುದಿಲ್ಲ. ನೀನೇ ಬರಬೇಕು. ನಮ್ಮ ಬೀದಿಯ ಡಾಕ್ಟರ ಹತ್ತಿರ ಕೂರಿಸಿ ಗುರುತು ಹಾಕಿಸುತ್ತೇನೆ, ಉಜ್ಜುವುದು ನನ್ನ ಕೆಲಸ.

ಮೇಡಂಗೆ ಇವತ್ತು ಫೋನ್ ಮಾಡಿ ಹೌದು ಎಂದೆ. "ಯೋಚ್ನೆ ಮಾಡಿ ಹೇಳ್ತಿದೀರಾ?" ಎಂದು ಕೇಳಿದರು. "ಹೆದರ್ಕೊಂಡೇ ಹೇಳ್ತಿದೀನಿ" ಎಂದೆ. "ಹ್ಞೂಂ" ಎಂದರು. ಅಲ್ಲಿನ ಸಂಜೆಯ ಮಾತುಕತೆಗೆ ನೀನು ವಾರಕ್ಕೊಮ್ಮೆ ಹೋಗಿಬರಬೇಕು, ಜೊತೆಗೆ ನಾನೂ ಬರಬೇಕಂತೆ. ಬರುತ್ತೇನೆ.

ಕೋಣೆಯ ಸಾಮಾನು ಮತ್ತೆ ಹೊರಗೆ ಬಂದಿದೆ. ಮಂಚ ಕಿಟಕಿಯ ಕಡೆಗಿದೆ. ಕಿಟಕಿಯ ಕೊಂಡಿ ಸರಿಯಾಗಿ ಕೂರುವುದಿಲ್ಲ, ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ನಮ್ಮ ಕಟ್ಟಡದ ಲಿಫ್ಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೇಲಿನ ಮನೆಯ ಅಜ್ಜಿ ಅದನ್ನು ಹತ್ತುವ ಮೊದಲು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ, ಅಷ್ಟು ಮಾತ್ರ ತಿಳಿದಿರಲಿ.

ಬಾಗಿಲು ನಾನೇ ತೆಗೆಯುತ್ತೇನೆ. ಏನಂತ ಕರೆದ ಎಂದು ಕೇಳಲು ಅಮ್ಮ ಇಲ್ಲ. ನನ್ನ ಕಿವಿ ಮಾತ್ರ ಆ ಅಭ್ಯಾಸ ಬಿಟ್ಟಿಲ್ಲ, ಬಿಡಲು ಅದಕ್ಕೂ ಸಮಯ ಬೇಕು. ಆದ್ದರಿಂದ ಒಂದು ಕೆಲಸ ಮಾಡು. ಕೆಳಗೆ ಲಿಫ್ಟ್ ಹತ್ತಿದ ಕೂಡಲೇ ಶುರು ಮಾಡು, ನಮ್ಮ ಮಹಡಿಗೆ ಬರುವ ತನಕ ನಿಲ್ಲಿಸಬೇಡ. ಬಾಗಿಲ ಹಿಂದೆ ನಿಂತ ನನಗೆ ಕೇಳಿಸಬೇಕು.

ಬೈದುಕೊಂಡೇ ಬಾ ಅಪ್ಪ.

ಗುಂಡಿ